ಅಪ್ಪ ಇದ್ದ ಐಎನ್‌ಎಸ್ ಮೈಸೂರು, 1:200 ಅಳತೆಯಲ್ಲಿ ಕಟ್ತಿದ್ದೀನಿ. ಗೊತ್ತಿದ್ದೋರು ಸ್ವಲ್ಪ ದಾರಿ ತೋರಿಸಿ

ಮಂಡ್ಯ ಮಾಡೆಲರ್:
ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೂ ಬರೀ ಓದ್ಕೊಂಡು ಇದ್ದೆ, ಇದೇ ಮೊದಲ ಸಲ ಬರೀತಿರೋದು.

ನಮ್ಮಪ್ಪ 1970ರಿಂದ ನಾಲ್ಕು ವರ್ಷ ಐಎನ್‌ಎಸ್ ಮೈಸೂರಿನಲ್ಲಿ ಇದ್ರು. 1999ರಲ್ಲಿ ಬಂದ ಡೆಸ್ಟ್ರಾಯರ್ ಅಲ್ಲ, ಅದಕ್ಕೂ ಮುಂಚಿನ ಹಳೇ ಕ್ರೂಸರ್ (ದೊಡ್ಡ ಫಿರಂಗಿಗಳ ಯುದ್ಧನೌಕೆ), ಸಿ60 ಅನ್ನೋದು ಅದರ ನಂಬರ್. ಮದ್ದೂರಿನ ಹತ್ತಿರದ ಹಳ್ಳಿ ನಮ್ದು. ಕನ್ನಂಬಾಡಿ ಹಿನ್ನೀರು ಬಿಟ್ರೆ ಅದಕ್ಕಿಂತ ದೊಡ್ಡ ನೀರು ನೋಡದ ಹುಡುಗ ಸೀದಾ ಸಮುದ್ರಕ್ಕೆ ಹೋಗಿದ್ದು. ಊರೋರೆಲ್ಲ "ಮೈಸೂರಲ್ಲಿ ಕೆಲ್ಸ ಅಂತೆ" ಅಂದ್ಕೊಂಡು ಎಷ್ಟೋ ದಿನ ಅರಮನೆ ಕಡೆ ಎಲ್ಲೋ ಇದ್ದಾನೆ ಅಂತಲೇ ತಿಳ್ಕೊಂಡಿದ್ರಂತೆ.

ಈಗ ಅಪ್ಪನಿಗೆ ಎಪ್ಪತ್ತಾರು. ಆ ಹಡಗಿನ ಮಾಡೆಲ್ ಕಟ್ಟಿ ಕೊಡಬೇಕು ಅಂತ ಆಸೆ. ಲೆಕ್ಕ ಹೀಗಿದೆ: ಉದ್ದ 169 ಮೀಟರ್ ಚಿಲ್ಲರೆ, ಅಗಲ 19 ಮೀಟರ್‌ಗೆ ಒಂಚೂರು ಕಮ್ಮಿ. 1:700, ಅಂದ್ರೆ ಏಳುನೂರರಲ್ಲಿ ಒಂದು ಪಾಲು ಆದ್ರೆ 24 ಸೆಂಟಿಮೀಟರ್, ಅಪ್ಪನ ಕಣ್ಣಿಗೆ ಕಾಣಲ್ಲ. 1:350 ಆದ್ರೆ 48. 1:200 ಆದ್ರೆ 84 ಸೆಂಟಿಮೀಟರ್ ಮೇಲೆ ಬರುತ್ತೆ, ಟಿವಿ ಕೆಳಗಿನ ಶೋಕೇಸ್‌ಗೆ ಸರಿಯಾಗಿ ಕೂರುತ್ತೆ. ಹೆಂಡತಿ ಒಪ್ಪಿದ್ದಾಳೆ, ಟಿವಿ ಮುಚ್ಚಬಾರದು ಅನ್ನೋ ಷರತ್ತಿನ ಮೇಲೆ.

ನನ್ನ ಪ್ರಶ್ನೆ: ಏರ್‌ಫಿಕ್ಸ್‌ನವರ ಎಚ್‌ಎಂಎಸ್ ಬೆಲ್‌ಫಾಸ್ಟ್ ಅನ್ನೋ ಬ್ರಿಟಿಷ್ ಕ್ರೂಸರ್ ಕಿಟ್ ತಂದು ಅದನ್ನೇ ತಿದ್ದಿ ಮೈಸೂರು ಮಾಡಬಹುದಾ? ಇಲ್ಲಾ ಪೂರ್ತಿ ಕೈಯಲ್ಲೇ ಕಟ್ಟಬೇಕಾ?

ಅಳತೆಕೋಲು:
ಮಾಡಬೇಡಿ. ಆ ಕಿಟ್ ಇರೋದು 1:600ರಲ್ಲಿ, ನಿಮಗೆ ಬೇಕಿರೋದು 1:200. ಅಳತೆ ಬಿಡಿ, ಹಡಗೇ ಬೇರೆ. ಬೆಲ್‌ಫಾಸ್ಟ್ 187 ಮೀಟರ್, ಅದರ ಚಿಮಣಿಗಳು ಹಿಂದಕ್ಕೆ ಸರಿದು ಕೂತಿರೋದೇ ಅದರ ಗುರುತು. ನಿಮ್ಮ ಮೈಸೂರು ಮೂಲದಲ್ಲಿ ಎಚ್‌ಎಂಎಸ್ ನೈಜೀರಿಯಾ, ಫಿಜಿ ವರ್ಗದ್ದು. ನ್ಯೂಕ್ಯಾಸಲ್‌ನಲ್ಲಿ 1939ರ ಜುಲೈನಲ್ಲಿ ನೀರಿಗಿಳಿದದ್ದು.

ಇನ್ನೊಂದು ವಿಷಯ, ಬಹಳ ಜನ ತಪ್ಪೋದು ಇಲ್ಲೇ. ನೈಜೀರಿಯಾದ ಯುದ್ಧಕಾಲದ ಫೋಟೋ ನೋಡಿಕೊಂಡು ಮೈಸೂರು ಕಟ್ಟಬೇಡಿ. 1954ರಲ್ಲಿ ಭಾರತ ಕೊಂಡ ಮೇಲೆ ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಯಾರ್ಡ್‌ನಲ್ಲಿ ಅದನ್ನ ಹೆಚ್ಚುಕಮ್ಮಿ ಹೊಸದಾಗಿಯೇ ಮಾಡಿದ್ರು. ನೌಕಾಪಡೆಗೆ ಸೇರಿದ್ದು 29 ಆಗಸ್ಟ್ 1957. ಮೂರು ಕಾಲಿನ ಕೂವೆಮರ (ಮಾಸ್ಟ್) ಹೋಗಿ ಜಾಲರಿ ಕೂವೆಮರ ಬಂತು, ಟಾರ್ಪಿಡೋ ಟ್ಯೂಬ್ ಹೋಯ್ತು, ಹಡಗು ನಡೆಸೋ ಕೋಣೆ, ಅಂದ್ರೆ ಬ್ರಿಡ್ಜ್, ಬದಲಾಯ್ತು. ಹುಟ್ಟುವಾಗ ಮೂರು ಮೂರು ನಳಿಗೆಯ ನಾಲ್ಕು ಟರೆಟ್ (ಫಿರಂಗಿ ಕೂರೋ, ತಿರುಗೋ ಗೂಡು), ಭಾರತದ ಬಾವುಟ ಹಾರುವಾಗ ಮೂರೇ ಟರೆಟ್. ಎ, ಬಿ ಮುಂದೆ, ವೈ ಹಿಂದೆ. ಎಕ್ಸ್ ಇಲ್ಲ. ಅಂದ್ರೆ ಆರು ಇಂಚಿನ ಫಿರಂಗಿ ಒಟ್ಟು ಒಂಬತ್ತು. ಹನ್ನೆರಡು ಹಾಕಿ ಅಪ್ಪನ ಮುಂದಿಟ್ರೆ ಬೈಸ್ಕೋತೀರಿ.

ನಕ್ಷೆಗೆ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗೆ ಬರೆದು ಕೇಳಿ. ಬ್ರಿಟಿಷ್ ಯುದ್ಧನೌಕೆಗಳ ನಕ್ಷೆಗಳ ದೊಡ್ಡ ಸಂಗ್ರಹ ಅವರ ಹತ್ತಿರ ಇದೆ, ದುಡ್ಡು ಕೊಟ್ರೆ ಪ್ರತಿ ಕೊಡ್ತಾರೆ. ಕೈಯಲ್ಲೇ ಕಟ್ಟಿ.

ಮಂಜಿ ಮಾರಾಯ:
ಕೈಯಲ್ಲೇ ಕಟ್ಟುದಾದ್ರೆ ಒಂದು ಮಾತು ಕೇಳಿ ಮಾರಾಯ್ರೆ, ನನ್ನ ಹಾಗೆ ಥರ್ಮಾಕೋಲ್ ಹಿಡ್ಕೊಂಡು ಹೊರಡ್ಬೇಡಿ. ಎರಡು ವಾರ ಕೂತು ಕೆತ್ತಿ ಚಂದದ ಒಡಲು ಮಾಡಿದ್ದೆ. ಸ್ಪ್ರೇ ಪೇಂಟ್ ಹೊಡೆದದ್ದೇ ಹೊಡೆದದ್ದು, ಕಣ್ಣೆದುರೇ ಸಕ್ಕರೆ ಕರಗಿದ ಹಾಗೆ ಕರಗಿ ಹೋಯ್ತು. ಪೇಂಟಿನಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ತಿಂತದೆ ಅಂತ ಆಮೇಲೆ ಗೊತ್ತಾಯ್ತು. ಹೆಂಡತಿ ಬಂದು ನೋಡಿ "ಮುಳುಗಿತಾ?" ಅಂತ ಕೇಳಿದ್ಳು.

ಬಾಲ್ಸಾ ಮರ ಒಳ್ಳೇದೇ, ಆದ್ರೆ ನಮ್ಮ ಮಂಗಳೂರಿನ ಮಳೆಗಾಲಕ್ಕೆ ಉಬ್ಬುತ್ತದೆ. ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಸನ್‌ಬೋರ್ಡ್ ಅಂತ ಹಗುರದ ಪ್ಲಾಸ್ಟಿಕ್ ಹಲಗೆ ಸಿಗ್ತದಲ್ಲ, 5 ಎಂಎಂದು, ಅದು ಬೆಸ್ಟ್. ಪ್ರತಿ 5 ಎಂಎಂಗೆ ಒಡಲಿನ ಅಡ್ಡಕೊಯ್ತದ ಆಕಾರ ಬರ್ಕೊಂಡು ಕತ್ತರಿಸಿ, ಪೂರಿ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಸಿ. ಮೆಟ್ಟಿಲು ಮೆಟ್ಟಿಲಾಗಿ ಬರ್ತದೆ. ಆ ಮೆಟ್ಟಿಲನ್ನು ಎಂ-ಸೀಲ್‌ನಲ್ಲಿ ತುಂಬಿ ಉಜ್ಜಿ. ಉಜ್ಜುದೇ ಕೆಲಸ, ಬೇರೆ ಎಂತದ್ದೂ ಇಲ್ಲ.

ಧಾರವಾಡದಾಂವ:
ನಮಸ್ಕಾರ್ರೀ. ನಮ್ಮ ಅಪ್ಪಾರು ಹಳೇ ವಿಕ್ರಾಂತ್ ಅನ್ನೋ ವಿಮಾನವಾಹಕ ಹಡಗಿನ ಮ್ಯಾಲೆ ಡೆಕ್ಕಿನ್ಯಾಗ ವಿಮಾನ ದೂಡೋ ಕೆಲಸದಾಗ ಇದ್ರು. ನಾನು 1:350ದಾಗ ಅದನ್ನ ಕಟ್ಟಾಕತ್ತೇನಿ, 61 ಸೆಂಟಿಮೀಟರ್ ಆಗ್ತದ. ಮೂರು ವರ್ಷ ಆತು, ಇನ್ನಾ ಮುಗದಿಲ್ಲ. ಸೀಹಾಕ್ ವಿಮಾನ ಒಂದೊಂದೂ ನನ್ನ ಹೆಬ್ಬೆರಳಿನಷ್ಟ ಆಗ್ತಾವ.

ಒಂದು ಮಜಾ ಹೇಳ್ತೇನಿ. ವಿಕ್ರಾಂತ್ ಒಡದಾಗ ಅದರ ಲೋಹ ಸ್ವಲ್ಪ ಬಜಾಜ್‌ನವರು ತಗೊಂಡು 2016ರಾಗ ವಿ15 ಅಂತ ಬೈಕ್ ಮಾಡಿದ್ರಲ್ರೀ, ಅದನ್ನ ನಾನು ತಗೊಂಡೆ. ಅಪ್ಪಾರು ಗಾಡಿ ಬಂದ ದಿನ ಪೆಟ್ರೋಲ್ ಟ್ಯಾಂಕಿನ ಮ್ಯಾಲೆ ಕೈ ಇಟ್ಟು ನಿಂತ್ರು, ಮಾತಾಡಲಿಲ್ಲ. ಆಮ್ಯಾಲೆ "ಆ ಡೆಕ್ಕಿನ ಮ್ಯಾಲೆ ಬರಿಗಾಲಾಗ ನಿಂತ್ರ ಅಂಗಾಲು ಸುಡತಿತ್ತಲೇ" ಅಂದ್ರು. ಅಷ್ಟ.

ಮೈಸೂರಿಗೆ ನನ್ನ ಸಲಹೆ: ಫಿರಂಗಿಗೆ ಹಿತ್ತಾಳಿ ನಳಿಗಿ ಹುಡುಕ್ಕೋತ ಕೂಡಬ್ಯಾಡ್ರಿ. ಮೆಡಿಕಲ್ ಅಂಗಡ್ಯಾಗ ಸೂಜಿ ತಗೊಳ್ರಿ. ಗುಲಾಬಿ ಬಣ್ಣದ ತಲೀದು, 18 ನಂಬರ್.

ಅಳತೆಕೋಲು:
ಸೂಜಿ ಸಲಹೆ ಸರಿಯಾಗಿದೆ, ನಾನೂ ಲೆಕ್ಕ ಹಾಕಿ ನೋಡಿದೆ. ಆರು ಇಂಚು ಅಂದ್ರೆ 152 ಎಂಎಂ ಬಾಯಿ. ಇನ್ನೂರರಿಂದ ಭಾಗಿಸಿದ್ರೆ 0.76. 18 ಗೇಜ್ ಸೂಜಿಯ ಹೊರ ಅಳತೆ 1.27, ಒಳಗಿನ ತೂತು 0.84ರ ಆಸುಪಾಸು. ಇಷ್ಟು ಹತ್ತಿರ ಬರೋದು ಅಪರೂಪ. ನಾಲ್ಕು ಇಂಚಿನ ಜೋಡಿ ಫಿರಂಗಿಗಳಿಗೆ ಹಸಿರು ತಲೆಯ 21 ಗೇಜ್ ಹಾಕಿ. ಹೊಸ ಸೂಜಿಯನ್ನೇ ತಗೊಳ್ಳಿ, ಓರೆಯಾಗಿರೋ ತುದಿಯನ್ನ ಮೊದಲು ಅರದಿಂದ ಸಪಾಟು ಮಾಡಿ, ಆಮೇಲೆ ಕೆಲಸ.

ಮಂಡ್ಯ ಮಾಡೆಲರ್:
ಮೆಡಿಕಲ್ ಅಂಗಡಿಯವನು ಇಪ್ಪತ್ತು ಸೂಜಿ ಯಾಕೆ ಅಂದ. ಹಡಗಿಗೆ ಅಂದೆ. ಕೊಟ್ಟ, ಆದ್ರೆ ಆ ನೋಟ ಇನ್ನೂ ಮರೆತಿಲ್ಲ.

ಅಶ್ವಿನಿ ಮಗಳು:
ಈ ಚರ್ಚೆ ಓದಿ ನನಗೆ ಹೊಟ್ಟೆಕಿಚ್ಚು. ನಮ್ಮಮ್ಮ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದು ಮುಂಬೈ ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿ ಕೆಲಸ ಮಾಡಿದವರು. ಹೆಸರು ಹಡಗಿನದು, ಇರೋದು ಆಸ್ಪತ್ರೆ ಕಟ್ಟಡ. ನೌಕಾಪಡೆಯಲ್ಲಿ ನೆಲದ ಮೇಲಿನ ನೆಲೆಗೂ ಹಡಗಿನ ಹೆಸರೇ ಇಡ್ತಾರಲ್ಲ. ಗೇಟು ದಾಟಿ ಹೊರಗೆ ತರಕಾರಿ ತರೋಕೆ ಹೋದ್ರೂ "ಅಶೋರ್" (ದಡಕ್ಕೆ) ಹೋದಳು ಅಂತಾನೇ ಲೆಕ್ಕ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಅಮ್ಮ ಶಿಪ್‌ನಲ್ಲಿ ಕೆಲಸ ಮಾಡ್ತಾರೆ ಅಂತ ಜಂಬ ಕೊಚ್ಚಿದ್ದೆ. ನಾನು ಮಾಡೆಲ್ ಮಾಡಬೇಕಾದ್ರೆ ಕಿಟಕಿ ಎಣಿಸಬೇಕಷ್ಟೆ. ಮುಳುಗೋ ಭಯ ಮಾತ್ರ ಇಲ್ಲ.

ಕಡಲತಡಿ ಕಾರವಾರ:
ನಗು ಬಂತು ಅಕ್ಕ. ಕಟ್ಟಿ, ಕಟ್ಟಡದ ಮಾಡೆಲ್ ಕೂಡ ಮಾಡೆಲ್ಲೇ.

ನಮ್ಮಪ್ಪ ಮಿಸೈಲ್ ಬೋಟ್‌ನವರು. ಇಲ್ಲಿ ಟ್ಯಾಗೋರ್ ಬೀಚ್‌ನಲ್ಲಿ ಐಎನ್‌ಎಸ್ ಚಪಲ್ ಮ್ಯೂಸಿಯಂ ಆಗಿ ನಿಂತಿದೆಯಲ್ಲ, ಅದೇ ವರ್ಗ. ನನಗೆ ಅಳತೆ ಸಮಸ್ಯೆಯೇ ಇಲ್ಲ, ಟೇಪು ಹಿಡಿದು ನಡೆದುಕೊಂಡು ಹೋದ್ರೆ ಆಯ್ತು. ಒಂದು ಎಚ್ಚರಿಕೆ: ಈ ರಷ್ಯನ್ ಬೋಟುಗಳಲ್ಲಿ ಓಸಾ-1, ಓಸಾ-2 ಅಂತ ಎರಡು ಮಾದರಿ, ಎರಡಕ್ಕೂ 1:72ರಲ್ಲಿ ಕಿಟ್ ಇದೆ, ಕಟ್ಟಿದ್ರೆ 53 ಸೆಂಟಿಮೀಟರ್ ಚಿಲ್ಲರೆ. 1971ರಲ್ಲಿ ಕರಾಚಿ ಮೇಲೆ ಹೋದ ನಿಪಟ್, ನಿರ್ಘಾತ್, ವೀರ್ ಮೂರೂ ಓಸಾ-1. ಮಿಸೈಲ್ ಇಡೋ ಗೂಡು ಪೆಟ್ಟಿಗೆ ಥರ. ಚಪಲ್ ಓಸಾ-2, ಗೂಡು ದುಂಡಗೆ, ಡ್ರಮ್ ಥರ. ಕಿಟ್ ತರಿಸುವಾಗ ನೋಡದೇ ಒಂದನ್ನ ತರಿಸಿ, ಸುಂಕವೂ ಕಟ್ಟಿ, ಪೆಟ್ಟಿಗೆ ಬಿಚ್ಚಿ ನೋಡಿದ್ರೆ ಪೆಟ್ಟಿಗೆ ಗೂಡು! ಅಪ್ಪ ದೂರದಿಂದಲೇ "ಇದು ನಮ್ಮದಲ್ಲ, ನಮ್ಮ ಸೀನಿಯರ್‌ಗಳದು" ಅಂದುಬಿಟ್ರು.

ಆ ಮೊದಲ ಬೋಟುಗಳು ಬಂದ ಕಥೆಯೂ ಚೆನ್ನಾಗಿದೆ. ರಷ್ಯಾದಿಂದ ದೊಡ್ಡ ಹಡಗಿನ ಡೆಕ್ ಮೇಲೆ ಸಾಮಾನಿನ ಹಾಗೆ ಹೇರಿಕೊಂಡು ಬಂದವು. ಅಷ್ಟು ಭಾರ ಎತ್ತೋ ಕ್ರೇನ್ ಬಾಂಬೆಯಲ್ಲಿ ಇರಲಿಲ್ಲ, ಕಲ್ಕತ್ತಾದಲ್ಲಿ ಇಳಿಸಿ ಅಲ್ಲಿಂದ ಬಾಂಬೆಗೆ ಎಳೆದುಕೊಂಡು ಬಂದ್ರು. ಆ ಎಳೆದು ತಂದ ಅನುಭವವೇ ಕರಾಚಿಗೆ ಹೋಗುವಾಗ ಉಪಯೋಗಕ್ಕೆ ಬಂತು, ಬೋಟುಗಳಿಗೆ ದೂರ ಹೋಗೋ ತಾಕತ್ತು ಇರಲಿಲ್ಲ.

ಸಾಧ್ಯವಾದ್ರೆ ಒಮ್ಮೆ ದಿಯುಗೆ ಹೋಗಿ ಬನ್ನಿ. 1971ರ ಡಿಸೆಂಬರ್ 9ರಂದು ಮುಳುಗಿದ ಐಎನ್‌ಎಸ್ ಖುಕ್ರಿಯ ಸ್ಮಾರಕ ಅಲ್ಲಿದೆ. 18 ಅಧಿಕಾರಿಗಳು, 176 ನಾವಿಕರು ಹೋದ ಹಡಗು. ಸಮುದ್ರದ ದಂಡೆ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಅದರ ಮಾಡೆಲ್ ಇಟ್ಟಿದ್ದಾರೆ. ನಾನು ಅದರ ರಿಗ್ಗಿಂಗ್ (ಕೂವೆಮರದ ಹಗ್ಗ, ತಂತಿ) ನೋಡೋಣ ಅಂತ ಹೋದವನು, ರಿಗ್ಗಿಂಗ್ ನೋಡಿದ ನೆನಪೇ ಇಲ್ಲ.

ಮಂಡ್ಯ ಮಾಡೆಲರ್:
ಎರಡೂವರೆ ತಿಂಗಳಾದ ಮೇಲೆ ಬರೀತಿದ್ದೀನಿ.

ಒಡಲು ಆಯ್ತು. ಎರಡು ಚಿಮಣಿ, ಮೂರು ಟರೆಟ್, ಒಂಬತ್ತು ಸೂಜಿ. ಟರೆಟ್ ಕೂರೋ ದುಂಡು ಪೀಠ, ಲಂಗರದ ಸರಪಳಿ ಎಳೆಯೋ ಕ್ಯಾಪ್‌ಸ್ಟನ್, ಇಂಥ ದುಂಡನೆಯ ಭಾಗಗಳಿಗೆಲ್ಲ ಚನ್ನಪಟ್ಟಣದ ಒಬ್ಬ ಅಣ್ಣನ ಹತ್ತಿರ ಹೋಗಿದ್ದೆ. ಗೊಂಬೆ ಮಾಡೋ ಹಾಲೆ ಮರದಲ್ಲೇ ಕಡೆದು ಕೊಟ್ರು. ಆರು ಎಂಎಂ ದಪ್ಪದ್ದನ್ನ ಕಣ್ಣಳತೆಯಲ್ಲೇ ಕಡೆದು ಕೈಗಿಟ್ರು, ಮನೆಗೆ ಬಂದು ಕ್ಯಾಲಿಪರ್ ಹಿಡಿದ್ರೆ 6.1. ಅರಗು ಹಚ್ಚಿ ಕೆಂಪು ಬಣ್ಣ ಕೊಡಲಾ ಅಂತ ಎರಡು ಸಲ ಕೇಳಿದ್ರು, ಬೇಡ ಅಂದಾಗ ಬೇಜಾರಾದ್ರು.

ಜಾಲರಿ ಕೂವೆಮರಕ್ಕೆ ತಾಮ್ರದ ತಂತಿ ಬೆಸುಗೆ ಹಾಕಿದೆ. ಮೊದಲ ಮೂರು ಸೊಟ್ಟ ಬಂದವು. ಬಣ್ಣಕ್ಕೆ ಸ್ಮೋಕ್ ಗ್ರೇ ಎನಾಮೆಲ್‌ಗೆ ಸ್ವಲ್ಪ ಬಿಳಿ ಬೆರೆಸಿದೆ. ಸಣ್ಣ ಅಳತೆಯಲ್ಲಿ ಅದೇ ಬಣ್ಣ ಕಪ್ಪಗೆ ಕಾಣುತ್ತೆ ಅಂತ ಇಲ್ಲೇ ಯಾರೋ ಬರೆದಿದ್ರಿ, ನಿಜ.

ಮೊನ್ನೆ ಭಾನುವಾರ ಅಪ್ಪನ್ನ ಕರೆದು ತೋರಿಸಿದೆ. ಕನ್ನಡಕ ಹಾಕ್ಕೊಂಡ್ರು. ಮುಂದಿನಿಂದ ಹಿಂದಕ್ಕೆ ನಿಧಾನಕ್ಕೆ ನೋಡಿದ್ರು. "ಚೆನ್ನಾಗೈತೆ ಕಣ್ಲಾ" ಅಂದ್ರು. ಆಮೇಲೆ, "ಯಾವ್ ಹಡ್ಗು ಇದು?"

ಜೀವ ಹೋದಂಗಾಯ್ತು. ಮರೆವು ಶುರುವಾಯ್ತೇನೋ ಅಂತ ಒಂದು ಕ್ಷಣ ಗಾಬರಿ. ಹಂಗಲ್ಲ. ಅಪ್ಪ ಬಾಯ್ಲರ್ ರೂಮ್‌ನವರು. "ಲೋ, ನಾನೆಲ್ಲಿ ಇದ್ನ ಹೊರಗಡೆಯಿಂದ ನೋಡಿದ್ದೀನಿ? ಬಾಂಬೆ ಡಾಕ್‌ಯಾರ್ಡ್‌ನಲ್ಲಿ ಹತ್ತೋವಾಗ ಮೆಟ್ಲು ಕಾಣ್ತಿತ್ತು, ಇಳಿಯೋವಾಗ ಬೆನ್ನಿಗಿರ್ತಿತ್ತು. ಸಮುದ್ರಕ್ಕೆ ಹೋದ್ಮೇಲೆ ನಾನು ನೀರಿಗಿಂತ ಕೆಳಗೆ" ಅಂದ್ರು. ಆಮೇಲೆ ಮುಂದಿನ ಚಿಮಣಿ ಮೇಲೆ ಬೆರಳಿಟ್ಟು, "ಇದರ ಹೊಗೆ ಮಾತ್ರ ನಂದು" ಅಂದ್ರು.

ಈಗ ನನ್ನ ತಲೆಯಲ್ಲಿ ಒಂದೇ: ಬಲಗಡೆ ಒಡಲನ್ನ ಕೊಯ್ದು ಮುಂದಿನ ಬಾಯ್ಲರ್ ರೂಮ್ ತೋರಿಸಬೇಕು. ಬಣ್ಣ ಹೊಡೆದು ಮುಗಿಸಿದ ಒಡಲು. ಕೊಯ್ಯಲಾ?

ಮಂಜಿ ಮಾರಾಯ:
ಕೊಯ್ಯಿರಿ. ಸಂಶಯವೇ ಬೇಡ.

ಅಳತೆಕೋಲು:
ಕೊಯ್ಯಬೇಡಿ. ಹೊರಗಿನದಕ್ಕೆ ಫೋಟೋ ಇದೆ, ನಕ್ಷೆ ಇದೆ, ಯಾರು ಬೇಕಾದ್ರೂ ತಾಳೆ ನೋಡಬಹುದು. ಒಳಗಿನದಕ್ಕೆ ನಿಮ್ಮ ಹತ್ತಿರ ಏನಿದೆ? ಐವತ್ತು ವರ್ಷದ ಹಿಂದಿನ ನೆನಪು. ಇದು ಅಪ್ಪನ ಮೇಲಿನ ಗೌರವ ಕಮ್ಮಿ ಮಾಡೋ ಮಾತಲ್ಲ. ಆದ್ರೆ ಊಹೆಯಿಂದ ಮಾಡಿದ ಪೈಪು ಒಂದಿದ್ರೂ ಆ ಮಾಡೆಲ್ ಮೇಲೆ ಐಎನ್‌ಎಸ್ ಮೈಸೂರು ಅಂತ ಬರೆಯೋಕೆ ನನಗೆ ಮನಸ್ಸು ಬರಲ್ಲ. ಅಳತೆ ಅಂದ್ಮೇಲೆ ಅಳತೆ.

ಧಾರವಾಡದಾಂವ:
ಅಳತೆ ಸಾಹೇಬ್ರ, ನೀವು ಹೇಳೋದು ಖರೇನ. ಆದ್ರ ನಮ್ಮ ಅಪ್ಪಾರ ಹಡಗಿನ ಕಥಿ ಕೇಳ್ರಿ. ವಿಕ್ರಾಂತ್‌ದ ಬಾಯ್ಲರ್ ಡ್ರಮ್ಮಿನ್ಯಾಗ ಬಿರುಕು ಬಿಟ್ಟಿದ್ದು ಯುದ್ಧಕ್ಕಿಂತ ಮೊದಲ ಗೊತ್ತಾಗಿತ್ತು. ನಾಕು ಬಾಯ್ಲರಿನ್ಯಾಗ ಒಂದನ್ನ ಬಿಟ್ಟು ಮೂರರ ಮ್ಯಾಲೆ ಬಂಗಾಳ ಕೊಲ್ಲಿಗೆ ಹೋತು. ವೇಗ ಇಲ್ಲ, ಗಾಳಿ ಇಲ್ಲಂದ್ರ ವಿಮಾನ ಏರೋದ ಕಷ್ಟ. ಆದ್ರೂ 1971ರ ಡಿಸೆಂಬರ್ 4ಕ್ಕ ಸೀಹಾಕ್ ಎದ್ದು ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮ್ಯಾಲೆ ದಾಳಿಗೆ ಹೋದ್ವು. ಅಪ್ಪಾರು ಯಾವಾಗ್ಲೂ ಅಂತಿದ್ರು, "ಫೋಟೋದಾಗ ನಾವು ಬಂದ್ವಿ, ಹಡಗು ನಡಸಿದವ್ರು ತಳದಾಗ ಇದ್ರು" ಅಂತ. ನನ್ನ ಮಾಡೆಲ್ಲಿನ್ಯಾಗ ಡೆಕ್ಕಿನ ಮ್ಯಾಲೆ ಅರವತ್ತು ಮಂದಿ ಗೊಂಬಿ ಅದಾವ. ತಳದಾಗ ಒಂದೂ ಇಲ್ಲ. ಕೊಯ್ರಿ ನೀವು.

ಕಡಲತಡಿ ಕಾರವಾರ:
ಒಂದು ಪಕ್ಕದ ಪ್ರಶ್ನೆ. ಒಳಗಿನದನ್ನೆಲ್ಲ ಹೀಗೆ ಹಾಕೋದು ಸರಿಯಾ? ಇಲ್ಲಿ ನಮ್ಮೂರಲ್ಲಿ ಕದಂಬ ನೌಕಾನೆಲೆ ಇರೋದ್ರಿಂದ ಕ್ಯಾಮೆರಾ ತೆಗೆದ್ರೆ ಬೈಸಿಕೊಂಡು ರೂಢಿ.

ಮಂಡ್ಯ ಮಾಡೆಲರ್:
ಸಿ60 ನಿವೃತ್ತಿಯಾದದ್ದು 1985ರ ಆಗಸ್ಟ್‌ನಲ್ಲಿ, ಆಮೇಲೆ ಒಡೆದು ಗುಜರಿಗೆ ಹೋಯ್ತು. ಎರಡನೇ ಮಹಾಯುದ್ಧದ ಕಾಲದ ಬಾಯ್ಲರ್‌ನಲ್ಲಿ ಗುಟ್ಟು ಏನೂ ಉಳಿದಿಲ್ಲ. ಈಗಿನ ಹಡಗಿನ ವಿಷಯ ನಾನು ಎತ್ತೋದೂ ಇಲ್ಲ, ನೀವೂ ಎತ್ತಬೇಡಿ.

ಥೇಮ್ಸ್ ದಂಡೆ:
ನಾನು ಲಂಡನ್‌ನಲ್ಲಿರೋದು, ಮೂಲ ಶಿವಮೊಗ್ಗ. ಮಾಡೆಲ್ ಕಟ್ಟೋನಲ್ಲ, ಓದೋನು ಅಷ್ಟೆ. ಆದ್ರೆ ನಿಮ್ಮ ಮೊದಲ ಪೋಸ್ಟ್‌ನಲ್ಲಿ ಕೇಳಿ, ಆಮೇಲೆ ಬೇಡ ಅಂತ ಬಿಟ್ಟ ಬೆಲ್‌ಫಾಸ್ಟ್ ಇಲ್ಲಿ ಥೇಮ್ಸ್‌ನಲ್ಲಿ 1971ರಿಂದ ಮ್ಯೂಸಿಯಂ ಆಗಿ ನಿಂತಿದೆ. ಅದರ ಬಾಯ್ಲರ್ ರೂಮಿಗೆ ಜನ ಇಳಿಯಬಹುದು. ಬೆಲ್‌ಫಾಸ್ಟ್‌ದೂ ಅಡ್ಮಿರಾಲ್ಟಿ ಮೂರು ಡ್ರಮ್ ಬಾಯ್ಲರ್, ನೈಜೀರಿಯಾದ್ದೂ ಅದೇ ಮಾದರಿ, ಎರಡರಲ್ಲೂ ನಾಲ್ಕು ನಾಲ್ಕು. ಹಡಗು ಬೇರೆಯಾದ್ರೂ ಬಾಯ್ಲರ್ ಅಣ್ಣತಮ್ಮಂದಿರು. ಶನಿವಾರ ಹೋಗಿ ಫೋಟೋ ತೆಗೆದು ಕಳಿಸ್ತೀನಿ. ಏನೇನು ಬೇಕು ಪಟ್ಟಿ ಕೊಡಿ.

ಮಂಡ್ಯ ಮಾಡೆಲರ್:
ಅಣ್ಣಾ, ನಿಮ್ಮ ಕಾಲಿಗೆ ಬಿದ್ದೆ ಅಂದ್ಕೊಳ್ಳಿ. ಬಾಯ್ಲರ್ ಮುಂಭಾಗ, ಎಣ್ಣೆ ಉರಿಯೋ ಸ್ಪ್ರೇಯರ್, ಏಣಿ, ಕಾಲಡಿಯ ತಗಡು.

ಥೇಮ್ಸ್ ದಂಡೆ:
ಹೋಗಿ ಬಂದೆ. 94 ಫೋಟೋ. ಹೊಟ್ಟೆ ಇರೋನು ಆ ಏಣಿ ಇಳಿಯಬಾರದು, ಅಷ್ಟು ಹೇಳ್ತೀನಿ. ಒಳಗೆ ಹೋಗೋ ಮುಂಚೆ ಒಂದು ಸಣ್ಣ ಗೂಡು, ಅದಕ್ಕೆ ಎರಡು ಬಾಗಿಲು. ಯಾಕೆ ಎರಡು ಅಂತ ನಿಮ್ಮ ತಂದೆಯವರನ್ನೇ ಕೇಳಿ.

ಮಂಡ್ಯ ಮಾಡೆಲರ್:
ಕೇಳಿದೆ. ಕೇಳಿದ್ದೇ ತಪ್ಪಾಯ್ತು, ರಾತ್ರಿ ಹನ್ನೊಂದರವರೆಗೆ ಮಾತು. ಅಪ್ಪ ನೇವಿ ಬಗ್ಗೆ ಇಷ್ಟು ಮಾತಾಡಿದ್ದು ನನ್ನ ಜೀವನದಲ್ಲೇ ಮೊದಲು. ನೆನಪಿದ್ದಷ್ಟು ಬರೀತೀನಿ.

ಆ ಗೂಡಿಗೆ ಏರ್‌ಲಾಕ್ ಅಂತಾರೆ. ಬಾಯ್ಲರ್ ಉರಿಯೋಕೆ ಗಾಳಿ ಬೇಕಲ್ಲ, ಅದಕ್ಕೆ ದೊಡ್ಡ ಫ್ಯಾನ್‌ಗಳು ಇಡೀ ರೂಮಿಗೇ ಗಾಳಿ ತುಂಬ್ತಾವೆ. ಒಳಗಡೆ ಗಾಳಿಯ ಒತ್ತಡ ಹೊರಗಿಗಿಂತ ಜಾಸ್ತಿ. ಒಂದು ಬಾಗಿಲು ತೆಗೆದು ಗೂಡಿಗೆ ಬಂದು, ಅದನ್ನ ಮುಚ್ಚಿದ ಮೇಲೇನೇ ಇನ್ನೊಂದು ತೆಗೀಬೇಕು. ಎರಡೂ ಒಟ್ಟಿಗೆ ತೆಗೆದ್ರೆ ಗಾಳಿಯ ಒತ್ತಡ ಬಿದ್ದುಹೋಗಿ ಒಲೆಯೊಳಗಿನ ಬೆಂಕಿ ಹಿಂದಕ್ಕೆ, ಮನುಷ್ಯರ ಮೇಲೆ ಹಾರುತ್ತೆ. ಗೂಡಿನಲ್ಲಿ ನಿಂತಾಗ ಕಿವಿ "ಟಪ್" ಅನ್ನುತ್ತೆ. "ಆ ಟಪ್ ಅಂದ್ರೆ ಡ್ಯೂಟಿ ಶುರು, ವಾಪಸ್ ಟಪ್ ಅಂದ್ರೆ ಊಟ" ಅಂದ್ರು.

ಹೊಗೆ ಕಪ್ಪಗೆ ಬಂದ್ರೆ ಗಾಳಿ ಕಮ್ಮಿ. ಬೆಳ್ಳಗೆ ಬಂದ್ರೆ ಗಾಳಿ ಹೆಚ್ಚು. ಚಿಮಣಿ ತುದಿಯಲ್ಲಿ ಏನೂ ಕಾಣದಂಗೆ ಇಡೋನೇ ಗಟ್ಟಿಗ. ಯುದ್ಧದ ಹೊತ್ತಲ್ಲಿ ಮೈಸೂರು ಪಶ್ಚಿಮ ನೌಕಾಪಡೆಯ ಧ್ವಜನೌಕೆ, ಅಂದ್ರೆ ಪಡೆಯ ಮುಖ್ಯಸ್ಥರು ಇರೋ ಹಡಗು, ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರೇ ಮೇಲಿದ್ರು. ಕಪ್ಪು ಹೊಗೆ ಬಿಟ್ರೆ ಮೈಲಿಗಟ್ಟಲೆ ದೂರಕ್ಕೆ ಕಾಣ್ತೀವಿ, ಬ್ರಿಡ್ಜ್‌ನಿಂದ ಫೋನು ಬರೋದು, ಆ ಕಡೆಯ ಭಾಷೆ ಇಲ್ಲಿ ಬರೆಯೋ ಹಾಗಿಲ್ಲ. "ಯುದ್ಧ ಹೆಂಗಿತ್ತಪ್ಪಾ" ಅಂದೆ. "ನಂಗೇನ್ ಗೊತ್ತು, ಹೊಗೆ ಬಿಡ್ಲಿಲ್ಲ" ಅಂದ್ರು.

ಇನ್ನೂ ಒಂದು. ನೈಜೀರಿಯಾ ಆಗಿದ್ದಾಗ 1942ರ ಆಗಸ್ಟ್‌ನಲ್ಲಿ ಮಾಲ್ಟಾ ಕಡೆ ಹೋಗ್ತಾ ಇಟಲಿಯ ಆಕ್ಸಮ್ ಅನ್ನೋ ಜಲಾಂತರ್ಗಾಮಿಯ ಟಾರ್ಪಿಡೋ ತಿಂದಿತ್ತು, 52 ಜನ ಸತ್ತಿದ್ರು ಅಂತ ನಾನು ಓದಿ ಹೇಳಿದೆ. ಅಪ್ಪನಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, "ಗೊತ್ತಿಲ್ದೇ ಇದ್ದಿದ್ದೇ ಒಳ್ಳೇದಾಯ್ತು, ನಿದ್ದೆ ಬರ್ತಿರ್ಲಿಲ್ಲ" ಅಂದ್ರು.

ಅಶ್ವಿನಿ ಮಗಳು:
ಇದನ್ನ ಅಮ್ಮನಿಗೆ ಓದಿ ಹೇಳಿದೆ. "ಬಾಯ್ಲರ್ ರೂಮ್ ಹುಡುಗರು ವಾರ್ಡಿಗೆ ಬಂದ್ರೆ ಕೈ ನೋಡಿಯೇ ಗೊತ್ತಾಗ್ತಿತ್ತು, ಮೊಣಕೈವರೆಗೆ ಸಣ್ಣ ಸಣ್ಣ ಸುಟ್ಟ ಕಲೆ" ಅಂದ್ರು. ನಿಮ್ಮ ತಂದೆಯವರ ಕೈ ನೋಡಿ.

ಮಂಡ್ಯ ಮಾಡೆಲರ್:
ಇದೆ. ಸಾಂಬಾರ್ ಸಿಡಿದದ್ದು ಅಂತ ಚಿಕ್ಕಂದಿನಲ್ಲಿ ಹೇಳ್ತಿದ್ರು.

ಕೊಯ್ದೆ. ಹೊಸ ಬ್ಲೇಡ್ ಹಾಕಿ, ಉಸಿರು ಹಿಡಿದು, ಹದಿನಾಲ್ಕು ಸೆಂಟಿಮೀಟರ್ ಕಿಟಕಿ. ಸನ್‌ಬೋರ್ಡ್‌ನ ಪದರಗಳು ಒಳಗಿಂದ ನೋಡೋಕೆ ಮೈಸೂರು ಪಾಕ್ ಥರ ಕಾಣ್ತವೆ.

ಬಾಯ್ಲರ್ ಆಕಾರ ಸುಲಭ, ಗುಡಾರದ ಥರ. ನೆತ್ತಿಯಲ್ಲಿ ಒಂದು ಸ್ಟೀಮ್ ಡ್ರಮ್, ಕಾಲ ಹತ್ತಿರ ಎರಡು ವಾಟರ್ ಡ್ರಮ್, ಮಧ್ಯೆ ಇಳಿಜಾರಾಗಿ ಟ್ಯೂಬ್‌ಗಳು. ಸ್ಕೆಚ್ ಪೆನ್ ಕೊಳವೆ ಸ್ಟೀಮ್ ಡ್ರಮ್ ಆಯ್ತು, ಬಾಲ್‌ಪೆನ್ ರಿಫಿಲ್ ವಾಟರ್ ಡ್ರಮ್. ಕಾಲಡಿಯ ತಗಡಿಗೆ ಸೊಳ್ಳೆ ಪರದೆ ಮೇಲೆ ಅಂಟು ಬಳಿದು ಬೆಳ್ಳಿ ಬಣ್ಣ. ಸ್ಪ್ರೇಯರ್‌ಗಳಿಗೆ ಗುಂಡುಪಿನ್ ತಲೆ.

ಲಂಡನ್ ಫೋಟೋ ತೋರಿಸಿದಾಗ ಅಪ್ಪ ಒಂದೊಂದನ್ನೂ ದೊಡ್ಡದು ಮಾಡಿಸಿ ನೋಡಿದ್ರು. ಅರ್ಧ ಒಪ್ಪಿದ್ರು. ಏಣಿ ಮಾತ್ರ ನಮ್ಮದರಲ್ಲಿ ಆ ಕಡೆ ಇತ್ತು ಅಂತ ಹಟ. ಈಗ ಏಣಿ ಎಲ್ಲಿಡೋದು?

ಅಳತೆಕೋಲು:
ಅಪ್ಪ ಹೇಳಿದ ಕಡೆ ಇಡಿ.

ಹೌದು, ನಾನೇ ಹೇಳ್ತಿರೋದು. ಆದ್ರೆ ಪೀಠದ ಮೇಲೆ ಫಲಕ ಎರಡಿರಲಿ. ಹೊರಗಿನದಕ್ಕೆ "ಐಎನ್‌ಎಸ್ ಮೈಸೂರು, 1971, ಅಳತೆ 1:200". ಒಳಗಿನದಕ್ಕೆ "ಮುಂದಿನ ಬಾಯ್ಲರ್ ರೂಮ್", ಕೆಳಗೆ ಅಪ್ಪನ ಹೆಸರು, "ಇವರು ಹೇಳಿದಂತೆ". ಆಗ ನನ್ನಂಥೋನು ಬಂದು ತಕರಾರು ತೆಗೆದ್ರೆ ಅವರ ಹತ್ತಿರವೇ ಹೋಗಲಿ.

ಹಾಗೇ ಗಂಡಭೇರುಂಡ ಮರೀಬೇಡಿ. ಹಡಗಿನ ಲಾಂಛನವೇ ಅದು, ಕೆಳಗೆ "ನ ಬಿಭೇತಿ ಕದಾಚನ". 1:200ರಲ್ಲಿ ಎರಡು ತಲೆ ಬಿಡಿಸೋಕೆ ಆಗಲ್ಲ, ಪೀಠದ ಮೇಲೆ ದೊಡ್ಡದಾಗಿ ಹಾಕಿ.

ಮಂಜಿ ಮಾರಾಯ:
ಗಾಜಿನ ಪೆಟ್ಟಿಗೆಗೆ ಶೋರೂಮಿಗೆಲ್ಲ ಹೋಗ್ಬೇಡಿ, ಕಿಸೆ ಖಾಲಿ ಮಾಡ್ತಾರೆ. ಅಕ್ವೇರಿಯಂ ಮಾಡುವವನಿಗೆ ಹೇಳಿ, 4 ಎಂಎಂ ಗಾಜಿನಲ್ಲಿ ಅಳತೆಗೆ ಸರಿಯಾಗಿ ಮಾಡಿ ಕೊಡ್ತಾನೆ. ನೀರು ಹಾಕ್ಲಿಕ್ಕಿಲ್ಲ ಅಂತ ಮೊದಲೇ ಹೇಳಿ, ಇಲ್ಲದಿದ್ರೆ ತೂತು ಮಾಡಿ ಏರ್ ಪೈಪ್ ಇಟ್ಟು ಕೊಡ್ತಾನೆ. ನನಗೆ ಹಾಗೇ ಆಯ್ತು.

ಮಂಡ್ಯ ಮಾಡೆಲರ್:
ಪೆಟ್ಟಿಗೆ ಬಂತು. ಒಳಗೆ ಎರಡು ಸಣ್ಣ ಎಲ್‌ಇಡಿ, ಒಲೆ ಬಾಯಿ ಹತ್ತಿರ ಕಿತ್ತಳೆ ಬಣ್ಣದ್ದು. ನಿನ್ನೆ ಸಂಜೆ ದೀಪ ಆರಿಸಿ ಅದನ್ನೊಂದೇ ಹಚ್ಚಿದೆ. ಅಪ್ಪ ಕುರ್ಚಿ ಎಳ್ಕೊಂಡು ಕಿಟಕಿ ಮಟ್ಟಕ್ಕೆ ತಲೆ ಬಗ್ಗಿಸಿ ಕೂತ್ರು. ಮೊಮ್ಮಗಳನ್ನ ಕರೆದು ಇಲ್ಲಿ ತಾತ ನಿಲ್ತಿದ್ದ ಅಂತ ತೋರಿಸಿದ್ರು. ಅವಳು ಇಲ್ಲಿ ಫ್ಯಾನ್ ಇತ್ತಾ ಅಂದಳು. ಇತ್ತು, ಬೆಂಕಿಗೆ ಅಂದ್ರು.

ಆಮೇಲೆ ನನ್ನ ಕಡೆ ತಿರುಗಿ, "ಗೇಜ್ ಗ್ಲಾಸ್ ಎಲ್ಲಿ?"

ಸ್ಟೀಮ್ ಡ್ರಮ್‌ನಲ್ಲಿ ನೀರು ಎಷ್ಟಿದೆ ಅಂತ ತೋರಿಸೋ ಗಾಜಿನ ಕೊಳವೆ. ನೀರು ಕೆಳಗಿಳಿದ್ರೆ ಟ್ಯೂಬ್ ಸುಟ್ಟು ಸಿಡಿಯುತ್ತೆ, ಮೇಲೇರಿದ್ರೆ ಆವಿ ಜೊತೆ ನೀರೂ ಹೋಗಿ ಟರ್ಬೈನ್ ಹಾಳಾಗುತ್ತೆ. ನಾಲ್ಕು ವರ್ಷ ತಾನು ನೋಡಿದ್ದು ಅದೊಂದನ್ನೇ, ಅದಿಲ್ಲದೇ ಬಾಯ್ಲರ್ ಹೊತ್ತಿಸಿದ್ದೀಯ, ಇಳಿಸು ಬೆಂಕಿ ಅಂದ್ರು. ತಮಾಷೆಗಲ್ಲ. ಎಲ್‌ಇಡಿ ಆರಿಸೋವರೆಗೂ ಬಿಡ್ಲಿಲ್ಲ.

ಈಗ ಎರಡು ಎಂಎಂ ಉದ್ದದ ಗಾಜಿನ ಕೊಳವೆ ಬೇಕು, ಒಳಗೆ ಅರ್ಧಕ್ಕೆ ನೀರು ಕಾಣಬೇಕು. ಅರ್ಧಕ್ಕೇ, ಒಂದು ಕೂದಲು ಮೇಲೂ ಇಲ್ಲ ಕೆಳಗೂ ಇಲ್ಲ. ಏನು ಮಾಡ್ಲಿ?

ಧಾರವಾಡದಾಂವ:
ಮೀನು ಹಿಡಿಯೋ ನೈಲಾನ್ ದಾರ, 0.4ದ್ದು. ಕೆಳಗಿನ ಅರ್ಧಕ್ಕ ಒಂದು ಹನಿ ನೀಲಿ ಶಾಯಿ ತಾಗಿಸ್ರಿ.

ಮಂಡ್ಯ ಮಾಡೆಲರ್:
ತಂದೆ. ಏಳನೇ ತುಂಡಿಗೆ ಸರಿಯಾಯ್ತು. ಭೂತಗನ್ನಡಿ ಹಿಡಿದು ನೋಡಿ, "ಈಗ ಹಚ್ಚು" ಅಂದ್ರು.